ನರಸಾಪುರದ ವಿಸ್ಟ್ರಾನ್: ಸಂಬಳದ ಲೆಕ್ಕ ತಪ್ಪಿದ ಕಾರ್ಖಾನೆ

2020ರ ಡಿಸೆಂಬರ್ 12, ಶನಿವಾರ. ಬೆಳಗ್ಗೆ ಆರರ ಸುಮಾರಿಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ವಿಸ್ಟ್ರಾನ್ ಕಾರ್ಖಾನೆಯ ನೈಟ್ ಶಿಫ್ಟ್ ಮುಗಿಯುವ ಹೊತ್ತು. ಹೊರಗೆ ಬರಬೇಕಿದ್ದವರು ಒಳಗೇ ಗುಂಪುಗೂಡಿದರು. ಸ್ವಲ್ಪ ಹೊತ್ತಿಗೆ ಗಾಜುಗಳು ಪುಡಿಯಾದವು, ಸಿಸಿಟಿವಿ ಕ್ಯಾಮೆರಾಗಳು ಕಿತ್ತುಬಂದವು, ಕಾರುಗಳು ಮಗುಚಿ ಬಿದ್ದವು, ಬೆಂಕಿಯೂ ಬಿತ್ತು. ಸುಮಾರು 2,000 ಜನ ಇದರಲ್ಲಿದ್ದರು ಎಂದು ವರದಿಯಾಯಿತು. ಮಧ್ಯಾಹ್ನದೊಳಗೆ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ‘ಐಫೋನ್ ಕಾರ್ಖಾನೆಯಲ್ಲಿ ದಾಂಧಲೆ’ ಅನ್ನುವ ತಲೆಬರಹದಡಿ ಸುದ್ದಿ ದೇಶ ದಾಟಿ ಹೋಯಿತು.

ಆ ಬೆಳಗಿನ ಬಗ್ಗೆ ಬೇಕಾದಷ್ಟು ಮಾತಾಗಿದೆ. ಅದಕ್ಕಿಂತ ಹಿಂದಿನ ಎರಡು ತಿಂಗಳಲ್ಲಿ ಒಳಗೆ ಏನು ನಡೆದಿತ್ತು ಅನ್ನೋದನ್ನು ಓದಿದವರು ಕಮ್ಮಿ. ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಘಟನೆಯ ಬೆನ್ನಲ್ಲೇ ಹೋಗಿ ನೋಡಿ ಕೊಟ್ಟ ವರದಿ, ಕಾರ್ಮಿಕರು ಪತ್ರಕರ್ತರಿಗೆ ಹೇಳಿದ ಮಾತು, ಕೊನೆಗೆ ಕಂಪನಿಯೇ ಒಪ್ಪಿಕೊಂಡ ತಪ್ಪು, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಸಾಕಷ್ಟು ಸ್ಪಷ್ಟ. ಅಲ್ಲಿ ಮೊದಲು ಕೆಟ್ಟದ್ದು ಹಾಜರಿಯ ಲೆಕ್ಕ. ಉಳಿದದ್ದೆಲ್ಲ ಅದರ ಹಿಂದೆ ಬಂತು.

ಮೊದಲು ಜಾಗದ ವಿಷಯ. ವಿಸ್ಟ್ರಾನ್ ತೈವಾನಿನ ಕಂಪನಿ. ಬೇರೆಯವರ ಬ್ರ್ಯಾಂಡಿಗೆ ಮಾಲು ತಯಾರಿಸಿ ಕೊಡುವುದೇ ಅದರ ಕಸುಬು. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಿಸಲು ಶುರುಮಾಡಿತು. ಆಮೇಲೆ ನರಸಾಪುರದಲ್ಲಿ 43 ಎಕರೆ ಪಡೆದು ದೊಡ್ಡ ಘಟಕ ಕಟ್ಟಿತು. ಸುಮಾರು 2,900 ಕೋಟಿ ರೂಪಾಯಿ ಹೂಡಿಕೆ, ಹತ್ತು ಸಾವಿರ ಕೆಲಸ ಅನ್ನುವ ಮಾತಿತ್ತು. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್, ಚೆನ್ನೈ ಹೆದ್ದಾರಿಯ ಬದಿ. ಹೋಂಡಾದ ಸ್ಕೂಟರ್ ಕಾರ್ಖಾನೆ ಆಗಲೇ ಅಲ್ಲಿತ್ತು.

ಕೋಲಾರದವರಿಗೆ ಇದು ಸಣ್ಣ ವಿಷಯ ಆಗಿರಲಿಲ್ಲ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಆ ಕಡೆಯ ಸಾವಿರಾರು ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದು ಮಾಮೂಲಾಗಿಬಿಟ್ಟಿದೆ. ಮಳೆ ನಂಬಿ ಕೂರುವ ಜಿಲ್ಲೆ. ಅಂಥ ಕಡೆ ಮನೆ ಹತ್ತಿರವೇ ಕಂಪನಿ ಬಸ್ಸು, ಐಡಿ ಕಾರ್ಡು, ಪಿಎಫ್, ಇಎಸ್‌ಐ ಅಂದರೆ ಯಾರು ಬೇಡ ಅಂತಾರೆ? ಮೇಲಾಗಿ ಅದು ಕೊರೊನಾ ವರ್ಷ. ಬೇರೆ ಕಡೆ ಕೆಲಸ ಹೋಗಿತ್ತು, ಕಾಲೇಜು ಮುಚ್ಚಿತ್ತು. ಐಟಿಐ, ಡಿಪ್ಲೊಮಾ ಮುಗಿಸಿದವರು, ಡಿಗ್ರಿಯವರು, ಎಂಜಿನಿಯರಿಂಗ್ ಓದಿದವರು ಕೂಡ ಬಂದು ಸೇರಿದರು.

ಸೇರಿದ್ದು ಕಂಪನಿಗೆ ಅಂತ ಅವರು ಅಂದುಕೊಂಡಿದ್ದರು. ಕಾಗದದಲ್ಲಿ ಸೇರಿದ್ದು ಏಜೆನ್ಸಿಗೆ. ಒಳಗಿದ್ದ ಸುಮಾರು ಹತ್ತು ಸಾವಿರ ಜನರಲ್ಲಿ ಕಂಪನಿಯ ಕಾಯಂ ನೌಕರರು ಸುಮಾರು 1,300 ಮಾತ್ರ. ಉಳಿದ ಸುಮಾರು 8,500 ಜನ ಆರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು.

ಲೆಕ್ಕ ಎಲ್ಲಿ ತಪ್ಪಿತು

ಇಲಾಖೆಯ ವರದಿಯಲ್ಲಿ ಎದ್ದು ಕಾಣುವ ಮೊದಲ ಸಂಗತಿ ವೇಗ. ಕಡಿಮೆ ಅವಧಿಯಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತು. ಆದರೆ ಇಷ್ಟು ಜನರನ್ನು ನೋಡಿಕೊಳ್ಳಬೇಕಾದ ಎಚ್‌ಆರ್ ವಿಭಾಗ ಬೆಳೆಯಲಿಲ್ಲ. ಕಾರ್ಮಿಕ ಕಾನೂನು ಗೊತ್ತಿರುವ ಜನ ಅಲ್ಲಿ ಸಾಕಷ್ಟು ಇರಲಿಲ್ಲ ಎಂದು ವರದಿ ನೇರವಾಗಿಯೇ ಹೇಳಿತು.

ಎರಡನೆಯದು, ಅಕ್ಟೋಬರ್‌ನಲ್ಲಿ ಶಿಫ್ಟ್ ಬದಲಾದದ್ದು. ಎಂಟು ಗಂಟೆಯ ಮೂರು ಶಿಫ್ಟ್ ಹೋಗಿ ಹನ್ನೆರಡು ಗಂಟೆಯ ಎರಡು ಶಿಫ್ಟ್ ಬಂತು. ಕೆಲಸದ ಗಂಟೆ ಬದಲಾಯಿತು, ಅದನ್ನು ಲೆಕ್ಕ ಹಾಕುವ ವ್ಯವಸ್ಥೆ ಬದಲಾಗಲಿಲ್ಲ. ಹಾಜರಿ ಹಾಕುವ ಯಂತ್ರದ ತೊಂದರೆ ಹೆಚ್ಚುಕಮ್ಮಿ ಎರಡು ತಿಂಗಳು ಸರಿಯಾಗದೇ ಉಳಿಯಿತು. ಬಂದ ದಿನ ಬಂದಿಲ್ಲ ಅಂತ, ಮಾಡಿದ ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಮಾಡಿಲ್ಲ ಅಂತ ಆಯಿತು.

ಕೇಳೋಕೆ ಇದು ಗುಮಾಸ್ತರ ಮಟ್ಟದ ಸಣ್ಣ ತಪ್ಪು ಅನ್ನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 12,000 ಸಂಬಳದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. 26 ದಿನ, ದಿನಕ್ಕೆ ಎಂಟು ಗಂಟೆ ಅಂದರೆ ಅವನ ಗಂಟೆಯ ಕೂಲಿ ಸುಮಾರು 58 ರೂಪಾಯಿ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಓಟಿಗೆ ಎರಡು ಪಟ್ಟು ಕೊಡಬೇಕಿತ್ತು, ಅಂದರೆ ಸುಮಾರು 115. ಹನ್ನೆರಡು ಗಂಟೆಯಲ್ಲಿ ಊಟ, ಬಿಡುವು ಅಂತ ಒಂದು ಗಂಟೆ ತೆಗೆದರೂ ಹನ್ನೊಂದು ಗಂಟೆ ಕೆಲಸ ಉಳಿಯಿತು. ವಾರಕ್ಕೆ ಆರು ದಿನವಾದರೆ 66 ಗಂಟೆ. ಕಾಯ್ದೆಯ ಮಿತಿ 48. ಮೇಲಿನ 18 ಗಂಟೆ ಓಟಿಗೆ ವಾರಕ್ಕೆ 2,000ಕ್ಕೂ ಜಾಸ್ತಿ ಬರಬೇಕು, ನಾಲ್ಕು ವಾರಕ್ಕೆ ಎಂಟು ಸಾವಿರದ ಮೇಲೆ. ಅಂದರೆ ಮೂಲ ಸಂಬಳದ ಮೂರನೇ ಎರಡು ಭಾಗದಷ್ಟು ದುಡ್ಡು ಬರೀ ಪಂಚ್ (ಹಾಜರಿ) ದಾಖಲೆ ಮೇಲೆ ನಿಂತಿರುತ್ತದೆ. ಒಂದು ದಿನದ ಪಂಚ್ ಬೀಳಲಿಲ್ಲ ಅಂದರೆ ಆ ದಿನದ ಕೂಲಿ ಸುಮಾರು 460, ಮೂರು ಗಂಟೆ ಓಟಿ ಸುಮಾರು 345. ಒಟ್ಟು 800 ರೂಪಾಯಿ ಮಾಯ. ತಿಂಗಳಿಗೆ ನಾಲ್ಕು ದಿನ ಹೀಗಾದರೆ ಪಿಜಿ ಬಾಡಿಗೆ ಕೊಡಲು ಊರಿಂದ ದುಡ್ಡು ತರಿಸಬೇಕು.

ಇದರ ಜೊತೆಗೆ ಇನ್ನೊಂದು ವಿಷಯ ಗಮನಿಸಿ. ಆಗಿನ ನಿಯಮದಲ್ಲಿ ಓಟಿ ಮೂರು ತಿಂಗಳಿಗೆ 75 ಗಂಟೆ ದಾಟುವಂತಿರಲಿಲ್ಲ. ವಾರಕ್ಕೆ 18ರಂತೆ ಹೋದರೆ ನಾಲ್ಕೇ ವಾರದಲ್ಲಿ ಆ ಮಿತಿ ಮುಗಿದ ಹಾಗೆಯೇ.

ಕಾರ್ಮಿಕರು ಆಗ ಪತ್ರಿಕೆಗಳಿಗೆ ಹೇಳಿದ್ದು ಇನ್ನೂ ಖಾರವಾಗಿತ್ತು. ಎಂಜಿನಿಯರಿಂಗ್ ಓದಿದವರಿಗೆ 21,000 ಅಂತ ಹೇಳಿ ಸೇರಿಸಿಕೊಂಡರು, ಕೊಟ್ಟಿದ್ದು 16,000, ಆಮೇಲೆ ಅದೂ 12,000ಕ್ಕೆ ಇಳಿಯಿತು. ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೆ 8,000. ಕೆಲವರ ಖಾತೆಗೆ ಆ ತಿಂಗಳು ಬಿದ್ದದ್ದು ಬರೀ ನೂರರ ಲೆಕ್ಕದಲ್ಲಿ. ಹನ್ನೆರಡು ಗಂಟೆ ರಾತ್ರಿಪಾಳಿ ನಿಂತು ಮುಗಿಸುವಾಗ ಮೊಬೈಲಿಗೆ ಅಂಥ ಮೆಸೇಜ್ ಬಂದರೆ ಏನನ್ನಿಸಬೇಕು?

ಸಾವಿರಕ್ಕಿಂತ ಹೆಚ್ಚು ಜನರಿರುವ ಕಡೆ ಹಿಂದಿನ ತಿಂಗಳ ಸಂಬಳ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೈಸೇರಬೇಕು ಎಂದು ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆ ಹೇಳುತ್ತಿತ್ತು. ಗಲಾಟೆ ನಡೆದದ್ದು 12ನೇ ತಾರೀಖು.

ಯಾರನ್ನು ಕೇಳಬೇಕು?

ದುಡ್ಡು ಕಮ್ಮಿ ಬಂದರೆ ಮನುಷ್ಯ ಮೊದಲು ಮಾಡೋದು ಕೇಳೋದು. ಗುತ್ತಿಗೆಯಲ್ಲಿ ಕೇಳೋದೇ ಕಷ್ಟ. ಲೈನ್ ಮೇಲಿನ ಸೂಪರ್‌ವೈಸರ್ ಟಾರ್ಗೆಟ್ ನೋಡುವವನು, ಸಂಬಳ ಅವನ ಕೈಯಲ್ಲಿಲ್ಲ. ಏಜೆನ್ಸಿಯವರನ್ನು ಕೇಳಿದರೆ ‘ಕಂಪನಿ ಕೊಟ್ಟ ಹಾಜರಿ ಪ್ರಕಾರ ಹಾಕಿದ್ದೀವಿ’ ಅಂತಾರೆ. ಕಂಪನಿಯ ಎಚ್‌ಆರ್ ಹತ್ತಿರ ಹೋದರೆ ‘ನೀವು ನಮ್ಮ ರೋಲ್‌ನಲ್ಲಿಲ್ಲ, ನಿಮ್ಮ ಏಜೆನ್ಸಿ ಕೇಳಿ’. ಗುತ್ತಿಗೆಯಲ್ಲಿ ದುಡಿದವರಿಗೆ ಈ ಓಡಾಟ ಹೊಸದಲ್ಲ. ಇಲ್ಲಿ ಏಜೆನ್ಸಿಗಳೂ ಆರು, ಒಬ್ಬೊಬ್ಬರ ಲೆಕ್ಕ ಒಂದೊಂದು ಥರ.

ತಮಾಷೆ ಅಂದರೆ ಆಗಿನ ಕಾನೂನಿನಲ್ಲಿ ಈ ಗೊಂದಲವೇ ಇರಲಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಸೆಕ್ಷನ್ ತೆಗೆದು ನೋಡಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಮ್ಮಿ ಕೊಟ್ಟರೆ ಮೂಲ ಮಾಲೀಕನೇ (ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ) ಕೊಡಬೇಕಿತ್ತು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಿತ್ತು. ಅಷ್ಟೇ. ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಅರ್ಧ ಜನ ಕಾರ್ಮಿಕರೇ ಇರಬೇಕು ಅಂತ ಕೈಗಾರಿಕಾ ವಿವಾದ ಕಾಯ್ದೆಗೆ 2010ರಲ್ಲೇ ತಿದ್ದುಪಡಿ ಬಂದಿತ್ತು. 500 ಜನ ದಾಟಿದರೆ ಕಲ್ಯಾಣ ಅಧಿಕಾರಿ, 1,000 ದಾಟಿದರೆ ಸುರಕ್ಷತಾ ಅಧಿಕಾರಿ ಬೇಕು ಅಂತ ಕಾರ್ಖಾನೆ ಕಾಯ್ದೆಯಲ್ಲಿತ್ತು. ಕಾನೂನು ಇಲ್ಲದ್ದಕ್ಕೆ ಹೀಗಾಯಿತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಇನ್ನೊಂದು ಬದಿಯಲ್ಲಿ ಏನಾಗುತ್ತಿತ್ತು ನೋಡಿ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಿಂದ ಮುಷ್ಕರ, ಲಾಕೌಟ್ (ಕಂಪನಿಯೇ ಬಾಗಿಲು ಹಾಕುವುದು) ಎರಡೂ ನಡೆದಿತ್ತು. ಯೂನಿಯನ್ನಿನ ಒಬ್ಬ ಪದಾಧಿಕಾರಿಯ ಅಮಾನತಿನಿಂದ ಶುರುವಾದದ್ದು. ಕೆಲಸದ ಒತ್ತಡ ಜಾಸ್ತಿಯಾಗಿದೆ, ಶೌಚಾಲಯಕ್ಕೆ ಹೋಗಲೂ ಬಿಡುವಿಲ್ಲ ಎಂದು ಅಲ್ಲಿನವರ ದೂರು. ಅಲ್ಲಿಯೂ ಸಿಟ್ಟು ಕಮ್ಮಿ ಇರಲಿಲ್ಲ. ಆದರೆ ಅವರಿಗೆ ಯೂನಿಯನ್ ಇತ್ತು. ತಿಂಗಳುಗಟ್ಟಲೆ ಹೊರಗೆ ಕೂತರು, ಮಾತುಕತೆ ಮುರಿಯಿತು, ಮತ್ತೆ ಕೂತರು. ಬಿಡದಿಯವರು ಗೆದ್ದರು ಅಂತ ಹೇಳುತ್ತಿಲ್ಲ. ಸರ್ಕಾರಕ್ಕಾಗಲಿ ಕಂಪನಿಗಾಗಲಿ ಮಾತಾಡಬೇಕು ಅನ್ನಿಸಿದಾಗ ಯಾರನ್ನು ಕರೆಯಬೇಕು ಅನ್ನುವುದು ಅಲ್ಲಿ ಗೊತ್ತಿತ್ತು. ನರಸಾಪುರದಲ್ಲಿ ಹಾಗೆ ಕರೆಯಲು ಯಾರೂ ಇರಲಿಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿಎಫ್ ವಾಪಸ್ ಪಡೆಯುವ ಹೊಸ ನಿಯಮದ ವಿರುದ್ಧ ರಸ್ತೆಗಿಳಿದದ್ದೂ ಹೀಗೇ, ನಾಯಕರಿಲ್ಲದೆ. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆಗಲೇ ಪಾಠ ಕಲಿಯಬಹುದಿತ್ತು, ಬಿಡಿ.

ಹೆಲ್ಮೆಟ್ಟಿಗೆ ಸಿಗದ ಸುರಕ್ಷತೆ

ಸುರಕ್ಷತೆ ಅಂದ ಕೂಡಲೇ ನಮಗೆ ಹೆಲ್ಮೆಟ್, ಗ್ಲೌಸ್, ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ನೆನಪಾಗುತ್ತೆ. ಫೋನ್ ಜೋಡಿಸುವ ಕಡೆ ಬಾಯ್ಲರ್ ಸಿಡಿಯುವ ಭಯವಿಲ್ಲ. ತಂಪು ಗಾಳಿ, ಬಿಳಿ ಬೆಳಕು, ಶುಚಿಯಾದ ನೆಲ. ಅದನ್ನು ನೋಡಿದವರಿಗೆ ಇಲ್ಲೇನು ಅಪಾಯ ಅನ್ನಿಸುವುದು ಸಹಜ.

ಅಪಾಯ ಗಂಟೆಗಳ ಲೆಕ್ಕದಲ್ಲಿದೆ. ಸಣ್ಣ ಸ್ಕ್ರೂ, ಸಣ್ಣ ಭಾಗ, ಕಣ್ಣು ನೆಟ್ಟ ಕೆಲಸ, ಅದೂ ಹನ್ನೊಂದು ಗಂಟೆ. ಹೋಗಿ ಬರಲು ಬಸ್ಸಿನಲ್ಲಿ ಇನ್ನೆರಡು ಗಂಟೆ ಸೇರಿಸಿ. ಸ್ನಾನ, ಊಟ, ಬಟ್ಟೆ ಒಗೆಯುವುದು ಕಳೆದರೆ ನಿದ್ದೆಗೆ ಉಳಿಯುವುದೆಷ್ಟು? ರಾತ್ರಿಪಾಳಿಯವರಿಗೆ ಹಗಲು ಪಿಜಿಯಲ್ಲಿ ನಿದ್ದೆ ಬರುವುದೂ ಅಷ್ಟಕ್ಕಷ್ಟೇ. ಹೀಗೆ ವಾರಗಟ್ಟಲೆ ನಿದ್ದೆಗೆಟ್ಟ ಸಾವಿರಾರು ಜನರನ್ನು ಒಂದೇ ಗೇಟಿನ ಒಳಗೆ ಇಟ್ಟುಕೊಂಡು, ಅವರ ಸಂಬಳವನ್ನೂ ತಡಮಾಡಿದರೆ, ಅದನ್ನು ಸುರಕ್ಷಿತ ಕಾರ್ಖಾನೆ ಅಂತ ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ವರದಿಯಲ್ಲಿ ಪ್ರತ್ಯೇಕವಾಗಿ ಬಂದಿದೆ. ಕಾನೂನಿನ ಅನುಮತಿ ಇಲ್ಲದೆ ಅವರಿಂದ ಓಟಿ ಮಾಡಿಸಲಾಗಿತ್ತು. ಕಾರ್ಖಾನೆಗಳಲ್ಲಿ ಮಹಿಳೆಯರಿಗೆ ರಾತ್ರಿಪಾಳಿ ಕೊಡಬಹುದು ಎಂದು ರಾಜ್ಯ ಸರ್ಕಾರ ಆದೇಶ ಮಾಡಿದ್ದು 2019ರ ನವೆಂಬರ್‌ನಲ್ಲಿ. ಅದಕ್ಕೆ ಷರತ್ತುಗಳಿದ್ದವು. ಬರೆದುಕೊಟ್ಟ ಒಪ್ಪಿಗೆ ಬೇಕು, ಮನೆಗೆ ಬಿಡುವ ಗಾಡಿ ಬೇಕು, ಬೆಳಕು, ಸಿಸಿಟಿವಿ ಇರಬೇಕು.

ಇನ್ನು ತಲೆಗಳ ಲೆಕ್ಕ. ಎಷ್ಟು ಶೌಚಾಲಯ, ಕ್ಯಾಂಟೀನಿನಲ್ಲಿ ಎಷ್ಟು ಜಾಗ, ಎಷ್ಟು ಬಸ್ಸು, ಎಲ್ಲವೂ ಜನರ ಸಂಖ್ಯೆಯ ಮೇಲೆ ನಿಂತದ್ದು. ಸಂಖ್ಯೆ ಎರಡು ಪಟ್ಟಾದಾಗ ಇವೆಲ್ಲವೂ ಎರಡು ಪಟ್ಟಾಗಬೇಕು. ಲೈನ್‌ಗಳನ್ನು ಬೇಗ ಹೆಚ್ಚಿಸಬಹುದು, ಯಂತ್ರ ತಂದು ನಿಲ್ಲಿಸಿದರಾಯಿತು. ಉಳಿದದ್ದಕ್ಕೆ ಯಾರಿಗೂ ಅವಸರವಿರುವುದಿಲ್ಲ.

ಆಮೇಲೆ ಆದದ್ದು

ಮೊದಲ ದಿನಗಳ ಮಾತೆಲ್ಲ ನಷ್ಟದ ಬಗ್ಗೆ, ರಾಜ್ಯದ ಹೆಸರಿನ ಬಗ್ಗೆ. ಕಂಪನಿ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಅಂತಿತ್ತು. ಆಮೇಲೆ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಅಂದಾಜು 10ರಿಂದ 20 ಕೋಟಿ ತೈವಾನ್ ಡಾಲರ್, ನಮ್ಮ ಲೆಕ್ಕದಲ್ಲಿ ಹೆಚ್ಚೆಂದರೆ 52 ಕೋಟಿ ರೂಪಾಯಿ. 437 ಎಲ್ಲಿ, 52 ಎಲ್ಲಿ! ಆದರೆ ಜನರ ತಲೆಯಲ್ಲಿ ಉಳಿದದ್ದು ಮೊದಲನೆಯದೇ.

ಬಂಧನಗಳು ಒಂದೇ ವಾರದಲ್ಲಿ ನೂರೈವತ್ತರ ಆಸುಪಾಸು ಹೋದವು. ಎಡಪಂಥೀಯ ವಿದ್ಯಾರ್ಥಿ ಸಂಘಟನೆಯಾದ ಎಸ್‌ಎಫ್‌ಐ ಮೇಲೂ ಬೆರಳು ತೋರಿಸಲಾಯಿತು, ಅದರ ಸ್ಥಳೀಯ ಮುಖಂಡರೊಬ್ಬರ ಬಂಧನವಾಯಿತು. ಸಂಘಟನೆ ಆರೋಪ ತಳ್ಳಿಹಾಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ನಮ್ಮಲ್ಲಿ ಹಳೇ ಚಾಳಿ. ಪ್ರಧಾನಿಗೂ ಈ ಬಗ್ಗೆ ಕಳವಳ ಇದೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪ ಹೇಳಿದರು. ಬಾಕಿ ಸಂಬಳ ತೀರಿಸುವಂತೆ ಕಾರ್ಮಿಕ ಇಲಾಖೆ ಸೂಚಿಸಿತು.

ಗಾಜು ಒಡೆದದ್ದು, ಕಾರಿಗೆ ಬೆಂಕಿ ಇಟ್ಟದ್ದು ತಪ್ಪೇ. ಅದನ್ನು ಮಾಡದೆ ಸುಮ್ನೆ ಮನೆಗೆ ಹೋದವರು, ಆ ಶಿಫ್ಟಿನಲ್ಲಿ ಇರದೇ ಇದ್ದವರು ಅದಕ್ಕಿಂತ ಎಷ್ಟೋ ಜಾಸ್ತಿ. ಕಾರ್ಖಾನೆ ಮುಚ್ಚಿದಾಗ ಅವರ ಕೆಲಸವೂ ನಿಂತಿತು. ಪೇಪರ್‌ಗಳಲ್ಲಿ ಅವರ ಸುದ್ದಿ ಅಪರೂಪ.

ಮಾತಿನ ದಿಕ್ಕು ಬದಲಾದದ್ದು ಡಿಸೆಂಬರ್ 19ರಂದು. ಕೆಲಸದ ಗಂಟೆಗಳ ನಿರ್ವಹಣೆಯಲ್ಲಿ ವಿಸ್ಟ್ರಾನ್ ಎಡವಿದೆ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಎಂದು ಆ್ಯಪಲ್ ಹೇಳಿತು. ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದೂ ಹೇಳಿತು. ಅದೇ ದಿನ ವಿಸ್ಟ್ರಾನ್ ಕ್ಷಮೆ ಕೇಳಿತು, ಕೆಲವರಿಗೆ ಸರಿಯಾಗಿ ಅಥವಾ ಸಮಯಕ್ಕೆ ಸಂಬಳ ಕೊಟ್ಟಿಲ್ಲ ಎಂದು ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ದಿನದ 24 ಗಂಟೆಯೂ ದೂರು ಹೇಳಿಕೊಳ್ಳುವ ಸಹಾಯವಾಣಿ ಶುರುಮಾಡುವುದಾಗಿ ಹೇಳಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್, ಐದೂ ಭಾಷೆಯಲ್ಲಿ, ಹೆಸರು ಹೇಳದೆಯೂ ದೂರು ಕೊಡಬಹುದು. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವಾಗಲೇ ಈ ಫೋನ್ ನಂಬರ್ ಇರಬಹುದಿತ್ತು. ಅದಕ್ಕೇನು ಮಹಾ ಖರ್ಚಾಗುತ್ತಿತ್ತು?

ಆ್ಯಪಲ್‌ನ ಪಾತ್ರದ ಬಗ್ಗೆಯೂ ಒಂದು ಮಾತು. ವಾರಕ್ಕೆ 60 ಗಂಟೆ ಮೀರಬಾರದು, ಏಳು ದಿನಕ್ಕೊಂದು ರಜೆ ಇರಬೇಕು ಎಂದು ಅದು ತನ್ನ ಪೂರೈಕೆದಾರರಿಗೆ ನಿಯಮ ಹಾಕಿದೆ. ಒಳ್ಳೆಯದೇ. ಆದರೆ ಇಷ್ಟು ಫೋನ್ ಇಷ್ಟು ದಿನದಲ್ಲಿ ಬೇಕು ಅನ್ನುವ ಆರ್ಡರ್ ಕೂಡ ಅಲ್ಲಿಂದಲೇ ಬರುವುದು. ಒಂದು ವರ್ಷದ ಮೇಲೆ, 2021ರ ಡಿಸೆಂಬರ್‌ನಲ್ಲಿ, ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ, ಐಫೋನ್ ಜೋಡಿಸುವ ಇನ್ನೊಂದು ಕಂಪನಿ ಫಾಕ್ಸ್‌ಕಾನ್‌ನ ಕೆಲಸಗಾರ್ತಿಯರ ಹಾಸ್ಟೆಲ್ ಊಟ ಕೆಟ್ಟು 159 ಜನ ಆಸ್ಪತ್ರೆ ಸೇರಿದರು, ಸಾವಿರಾರು ಹೆಣ್ಣುಮಕ್ಕಳು ಹೆದ್ದಾರಿ ತಡೆದರು. ಆ್ಯಪಲ್ ಆ ಘಟಕವನ್ನೂ ನಿಗಾದಲ್ಲಿಟ್ಟಿತು. ಅಲ್ಲೂ ಜನ ರಸ್ತೆಗೆ ಬಂದ ಮೇಲೆಯೇ.

ನರಸಾಪುರದಲ್ಲಿ 2021ರ ಆರಂಭದ ತಿಂಗಳುಗಳಲ್ಲಿ ಕೆಲಸ ಹಂತಹಂತವಾಗಿ ಮತ್ತೆ ಶುರುವಾಯಿತು. ನೇಮಕಾತಿ ಮತ್ತು ಸಂಬಳದ ತಂಡಗಳನ್ನು ಹೊಸದಾಗಿ ಕಟ್ಟಲಾಗಿದೆ, ಕೆಲಸಗಾರರಿಗೆ ತರಬೇತಿ ಕೊಡಲಾಗುತ್ತಿದೆ ಎಂದು ಫೆಬ್ರವರಿಯಲ್ಲಿ ಆ್ಯಪಲ್ ತಿಳಿಸಿತು. ಕಾರ್ಖಾನೆ ಕಾಯ್ದೆ ಮುರಿದರೆ ಆಗ ಸಾಮಾನ್ಯವಾಗಿ ಇದ್ದ ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಂಬಳ ತಪ್ಪಿಸಿದ್ದಕ್ಕೆ ಯಾವ ಮ್ಯಾನೇಜರ್ ಲಾಕಪ್ ನೋಡಿದ್ದನ್ನೂ ನಾನು ಓದಿಲ್ಲ. 2023ರ ಅಕ್ಟೋಬರ್‌ನಲ್ಲಿ ವಿಸ್ಟ್ರಾನ್ ಈ ಘಟಕವನ್ನು 12.5 ಕೋಟಿ ಡಾಲರ್‌ಗೆ ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರುವುದಾಗಿ ಪ್ರಕಟಿಸಿತು.

ಅದಕ್ಕೂ ಮುಂಚೆ, 2023ರ ಫೆಬ್ರವರಿಯಲ್ಲಿ, ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ರಾಜ್ಯದ ತಿದ್ದುಪಡಿ ಒಪ್ಪಿತು. ಕಾರ್ಮಿಕ ಬರೆದುಕೊಟ್ಟರೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಎಂದಾಯಿತು, ವಾರದ ಮಿತಿ 48ರಲ್ಲೇ ಉಳಿಯಿತು. ಓಟಿ ಮೂರು ತಿಂಗಳಿಗೆ 75ರಿಂದ ಸುಮಾರು 145 ಗಂಟೆಗೆ ಏರಿತು. ಅಂದರೆ ವಾರಕ್ಕೆ ಸುಮಾರು 11 ಗಂಟೆ. ಮೇಲೆ ಲೆಕ್ಕ ಹಾಕಿದ ಹುಡುಗ ವಾರಕ್ಕೆ 18 ಗಂಟೆ ಓಟಿ ಮಾಡುತ್ತಿದ್ದ. ಅದು ಈ ಹೊಸ ಮಿತಿಗೂ ಏಳು ಗಂಟೆ ಜಾಸ್ತಿಯೇ.